ಜರ್ಮನ ದೇಶದಲ್ಲಿ ನಮ್ಮವರ ಬಾಳುವೆ, ದುಡಿಮೆ ಮತ್ತು ಭಾಷಾಭ್ಯಾಸ



ನಮ್ಮ ನಾಡಿನ ತರುಣ-ತರುಣಿಯರು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಹೊರದೇಶಗಳಿಗೆ ಹೋಗುವದು ವರ್ಷವರ್ಷಕ್ಕೆ ಹೆಚ್ಚುತ್ತಲಿರುವದನ್ನು ತಾವೆಲ್ಲರೂ ಬಲ್ಲಿರಿ. ಮೊದಲು ಇಂಗ್ಲಂಡ, ಅಮೇರಿಕೆಗಳ ಹೆಸರುಗಳೇ ಮನೆಮನೆಯಲ್ಲಿ ಕೇಳಿಬರುತ್ತಿದ್ದವು. ಈಗ ಅವುಗಳ ಜೊತೆಗೆ ಜರ್ಮನಿಯ ಹೆಸರೂ ಕೂಡಿಕೊಂಡಿದೆ. 2023-24ರ ಚಳಿಗಾಲದ ಸತ್ರದಲ್ಲಿ ಅಲ್ಲಿಯ ವಿದ್ಯಾಪೀಠಗಳಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಪರದೇಶಗಳಿಂದ ಬಂದ ವಿದ್ಯಾರ್ಥಿಗಳಲ್ಲಿ ಇಷ್ಟು ದೊಡ್ಡ ಗುಂಪು ಮತ್ತೊಂದಿರಲಿಲ್ಲ. 2022ರ ಡಿಸೆಂಬರದಲ್ಲಿ ಉಭಯ ಸರಕಾರಗಳು ಜನರ ಹೋಗಿಬರುವಿಕೆಯನ್ನು ಕುರಿತು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರದಲ್ಲಿ ಜರ್ಮನ ಸರಕಾರವು ಕುಶಲ ಕೆಲಸಗಾರರಾದ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವದಾಗಿ ಸಾರಿತು. ಇಂತಿರಲು, ಹೋಗಬೇಕೋ ಬಾರದೋ ಎಂಬ ಚರ್ಚೆಯನ್ನು ನಾವು ಇಂದು ಎತ್ತುವದಿಲ್ಲ. ಹೋಗುವವರು ಹೋಗಿಯೇ ಹೋಗುವರು. ಹೋಗುವ ದಾರಿಯನ್ನು ಹೇಳಲಿಕ್ಕೆ ಊರೂರಿಗೆ ದಲಾಲರಿದ್ದಾರೆ. ಹೋದ ಮೇಲೆ ಬಾಳುವ ಬಗೆಯನ್ನು ಹೇಳುವವರು ಮಾತ್ರ ವಿರಳ. ನಾವು ಆ ದೇಶದ ನೈಋತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟ್ ಪಟ್ಟಣದ ಆಸುಪಾಸಿನಲ್ಲಿ ಕೆಲವು ವರ್ಷ ಇದ್ದು ಬಂದವರಾದುದರಿಂದ, ಕಂಡದ್ದನ್ನೂ ಕಲಿತದ್ದನ್ನೂ ತಮ್ಮ ಮುಂದಿಡುವ ಧೈರ್ಯ ಮಾಡಿದ್ದೇವೆ.

ಜರ್ಮನಿಯಲ್ಲಿ ಮನುಷ್ಯನು ಮೊದಲು ಕಾಗದದ ಮೇಲೆ ಹುಟ್ಟಬೇಕು. ಮನೆಗೆ ಹೊಕ್ಕ ಎರಡು ವಾರಗಳೊಳಗಾಗಿ ಊರಿನ ಕಚೇರಿಗೆ ಹೋಗಿ, ಇಂಥವನು ಇಂಥ ಮನೆಯಲ್ಲಿ ಇರುವನೆಂದು ದಾಖಲು ಮಾಡಿಸತಕ್ಕದ್ದೆಂಬುದು ಅಲ್ಲಿಯ ಕಾಯದೆ. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುವರು. ಮನೆಯ ಒಡೆಯನ ಸಹಿಯುಳ್ಳ ಚೀಟಿಯಿಲ್ಲದೆ ಈ ದಾಖಲೆಯಾಗದು. ಈ ದಾಖಲೆಯಿಲ್ಲದೆ ಹನ್ನೊಂದು ಅಂಕಿಗಳ ತೆರಿಗೆ ಸಂಖ್ಯೆ ಬಾರದು. ಬ್ಯಾಂಕಿನವರು ಬಹುಮಟ್ಟಿಗೆ ಇದನ್ನೇ ಕೇಳುವರು, ಸಂಬಳ ಕೊಡುವವರು ಬ್ಯಾಂಕಿನ ಲೆಕ್ಕವನ್ನು ಕೇಳುವರು. ಹೀಗೆ ಒಂದರ ಬಾಲವನ್ನು ಇನ್ನೊಂದು ಹಿಡಿದಿರುವದರಿಂದ, ಮನೆ ಸಿಗುವವರೆಗೆ ಹೊಸಬನಿಗೆ ಗತಿಯಿಲ್ಲ. ದೊಡ್ಡ ಪಟ್ಟಣಗಳಲ್ಲಿ ಮನೆ ಸಿಗುವದು ನೌಕರಿ ಸಿಗುವದಕ್ಕಿಂತ ಕಠಿಣವಾದ ಮಾತು. ಬಾಡಿಗೆಯಲ್ಲಿ ‘ತಣ್ಣನೆಯ ಬಾಡಿಗೆ’, ‘ಬೆಚ್ಚನೆಯ ಬಾಡಿಗೆ’ ಎಂದು ಎರಡು ಬಗೆಗಳುಂಟು. ಬರೀ ಮನೆಯದು ತಣ್ಣನೆಯದು. ಅದಕ್ಕೆ ಕಾವು, ನೀರು, ಕಸ ಮುಂತಾದವುಗಳ ವೆಚ್ಚ ಕೂಡಿದರೆ ಬೆಚ್ಚನೆಯದು. ಠೇವಣಿಯು ತಣ್ಣನೆಯ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರಕೂಡದೆಂದು ಕಾಯದೆಯಿದೆ. ಮನೆಯನ್ನು ಕಣ್ಣಿನಿಂದ ನೋಡದೆ ಇಲ್ಲಿಂದಲೇ ಹಣ ಕಳಿಸಬೇಡಿರಿ.

ಇಲ್ಲಿ ಹೆಸರಿನದೊಂದು ತೊಡಕುಂಟು. ಅಲ್ಲಿಯ ಅಂಚೆಯವನು ಮನೆಯ ನಂಬರನ್ನು ನೋಡಿ ಕಾಗದ ಹಾಕುವದಿಲ್ಲ. ಪೆಟ್ಟಿಗೆಯ ಮೇಲೆ ಬರೆದ ಮನೆತನದ ಹೆಸರನ್ನು ನೋಡಿ ಹಾಕುವನು. ಹೆಸರು ಹೊಂದದಿದ್ದರೆ ಕಾಗದವು ಬಂದ ದಾರಿಯಿಂದ ತಿರುಗಿ ಹೋಗುವದು. ನಮ್ಮ ಧಾರವಾಡ, ವಿಜಾಪುರಗಳ ಕಡೆಯವರಿಗೆ ಅಡ್ಡಹೆಸರು ಇರುವದರಿಂದ ಚಿಂತೆಯಿಲ್ಲ. ಮೈಸೂರಿನ ಕಡೆಯವರಿಗೆ ಮಾತ್ರ ಊರಿನದೊಂದು, ತಂದೆಯದೊಂದು ಅಕ್ಷರವೇ ಮುಂದಿರುವದು. ಪಾಸಪೋರ್ಟಿನಲ್ಲಿ ಒಮ್ಮೆ ಊರಿನ ಹೆಸರೇ ಮನೆತನದ ಹೆಸರಾಗಿ ಕುಳಿತರೆ, ಆತನು ಅಲ್ಲಿರುವವರೆಗೂ ‘ಶ್ರೀಮಾನ್ ಚನ್ನರಾಯಪಟ್ಟಣ’ನೆಂದೇ ಕರೆಯಿಸಿಕೊಳ್ಳಬೇಕಾಗುವದು. ಶಾಲೆಯ ದಾಖಲೆಯಲ್ಲಿ ಒಂದು, ಪದವಿಪತ್ರದಲ್ಲಿ ಒಂದು, ಪಾಸಪೋರ್ಟಿನಲ್ಲಿ ಮತ್ತೊಂದು ಕಾಗುಣಿತವಿದ್ದರೆ, ಒಬ್ಬನೇ ಮನುಷ್ಯನು ಮೂವರಲ್ಲವೆಂದು ಸಿದ್ಧಮಾಡುವದರಲ್ಲಿ ತಿಂಗಳುಗಳು ಕಳೆಯುವವು. ಹುಡುಗರ ಹೆಸರನ್ನು ದಾಖಲೆಯಲ್ಲಿ ಮೊದಲು ಬರೆಯುವವರು ಶಾಲಾಮಾಸ್ತರರೇ ಆದುದರಿಂದ ಈ ಮಾತನ್ನು ಮುದ್ದಾಮಾಗಿ ಹೇಳಿದ್ದೇವೆ.

ದಿನದ ಬಾಳುವೆಗೆ ಬರೋಣ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನೆರೆಯವರಿಗೆ ಸಪ್ಪಳ ಕೇಳಿಸಕೂಡದು. ಆದಿತ್ಯವಾರ ಅಂಗಡಿಗಳು ಮುಚ್ಚಿರುವವು. ಆ ದಿನದ ವಿಶ್ರಾಂತಿಯನ್ನು ಅವರು ತಮ್ಮ ರಾಜ್ಯಘಟನೆಯಲ್ಲಿಯೇ ಬರೆದಿಟ್ಟುಕೊಂಡಿದ್ದಾರೆ. ಶನಿವಾರ ಸಂಜೆ ಹಾಲು ತರುವದನ್ನು ಮರೆತವನು ಸೋಮವಾರದವರೆಗೆ ಕಪ್ಪು ಚಹ ಕುಡಿಯಬೇಕು. ಕಾಗದದ ಕಸ ಒಂದು ಕಡೆ, ಅಡಿಗೆಮನೆಯ ಕಸ ಇನ್ನೊಂದು ಕಡೆ, ಪೊಟ್ಟಣಗಳು ಮತ್ತೊಂದು ಕಡೆ. ಗಾಜನ್ನಂತೂ ಅದರ ಬಣ್ಣ ನೋಡಿ ಹಾಕಬೇಕು. ಒಮ್ಮೆ ಬಳಸಿ ಬಿಡುವ ಬಾಟಲಿಗೆ 25 ಸೆಂಟು ಮುಂಗಡ ಹಿಡಿದು, ಬಾಟಲಿಯನ್ನು ಮರಳಿಸಿದಾಗ ಅಂಗಡಿಯವರು ಹಿಂದಕ್ಕೆ ಕೊಡುವರು. ಸ್ಟುಟ್‌ಗಾರ್ಟಿನ ಸುತ್ತಲಿನ ಶ್ವಾಬಿಯ ಸೀಮೆಯಲ್ಲಿ ‘ಕೇರ್‌ವೋಖೆ’ ಎಂದರೆ ಗುಡಿಸುವ ವಾರವೆಂಬ ಪದ್ಧತಿಯಿದೆ. ಒಂದು ಕಟ್ಟಡದಲ್ಲಿ ಆರು ಬಿಡಾರಗಳಿದ್ದರೆ, ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಲುಗಳನ್ನೂ ಅಂಗಳವನ್ನೂ ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಫಲಕ ತೂಗಬೀಳುವದು. ದೊಡ್ಡ ಸಂಬಳದ ಇಂಜಿನಿಯರನಾದರೂ, ಪ್ರೊಫೆಸರನಾದರೂ ಕಸಬರಿಗೆ ಹಿಡಿಯಲೇಬೇಕು. ನಮ್ಮಲ್ಲಿಂದ ಹೋದ ಕೆಲವು ತರುಣರಿಗೆ ಇದು ಮೊದಮೊದಲು ಅವಮಾನವಾಗಿ ತೋರಿದ್ದನ್ನು ಕಂಡಿದ್ದೇವೆ. ಮನೆಯಲ್ಲಿ ತಾಯಿ-ಅಕ್ಕಂದಿರು ಗುಡಿಸುವದನ್ನು ನೋಡಿ ಬೆಳೆದ ಗಂಡುಮಕ್ಕಳಿಗೆ ಅದರಿಂದ ಆದುದು ಹಿತವೇ.

ಚಳಿಗಾಲದ ಕತ್ತಲೆಯನ್ನು ಹೇಳದೆ ಬಿಡಲಾಗದು. ಡಿಸೆಂಬರದಲ್ಲಿ ಸೂರ್ಯನು ಎಂಟು ಗಂಟೆಯ ಮೇಲೆ ಹುಟ್ಟಿ ನಾಲ್ಕೂವರೆಯ ಸುಮಾರಿಗೆ ಮುಳುಗುವನು. ಕತ್ತಲೆಯಲ್ಲಿ ಕೆಲಸಕ್ಕೆ ಹೋಗಿ ಕತ್ತಲೆಯಲ್ಲಿ ಮನೆಗೆ ಬರುವವನಿಗೆ, ಚಳಿಗಿಂತಲೂ ಈ ಬೆಳಕಿಲ್ಲದಿರುವಿಕೆಯು ಮನಸ್ಸನ್ನು ಕುಗ್ಗಿಸುವದು. ಒಬ್ಬೊಬ್ಬರೇ ಕೋಣೆಯಲ್ಲಿ ಕುಳಿತು ಊರಿಗೆ ಫೋನು ಮಾಡುತ್ತಿರುವದು ಇದಕ್ಕೆ ಮದ್ದಲ್ಲ. ಇನ್ನು, ಜರ್ಮನರ ವೇಳೆಯ ಶಿಸ್ತಿನ ಮಾತು. ಮನುಷ್ಯರ ಮಟ್ಟಿಗೆ ಅದು ನಿಜ. ಹತ್ತು ಗಂಟೆಯ ಭೆಟ್ಟಿಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲಲ್ಲಿರಬೇಕು. ಅವರ ರೈಲುಗಳ ಮಟ್ಟಿಗೆ ಹಾಗೆ ಹೇಳಲು ಬಾರದು. 2024ರಲ್ಲಿ ದೂರದ ಗಾಡಿಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ಹೊತ್ತಿಗೆ ಮುಟ್ಟಿದವು.

ದುಡಿಮೆಯ ವಿಷಯದಲ್ಲಿ ಸಂಬಳದ ಅಂಕಿಯನ್ನು ರೂಪಾಯಿಗೆ ತಿರುಗಿಸಿ ಹಿಗ್ಗುವದು ತರವಲ್ಲ. ಆರೋಗ್ಯ ವಿಮೆಯು ಅಲ್ಲಿ ಎಲ್ಲರಿಗೂ ಕಡ್ಡಾಯ. ಅದಕ್ಕೆ ಸಂಬಳದ ಮೇಲೆ ನೂರಕ್ಕೆ 14.6ರ ಮೂಲದರ, ಅದರ ಮೇಲೆ ಆಯಾ ವಿಮಾಸಂಸ್ಥೆಯ ಹೆಚ್ಚಳ. ನಿವೃತ್ತಿವೇತನಕ್ಕೆ ನೂರಕ್ಕೆ 18.6. ಇವುಗಳಲ್ಲಿ ಅರ್ಧವನ್ನು ಕೆಲಸ ಕೊಟ್ಟವರೂ ಅರ್ಧವನ್ನು ಕೆಲಸಗಾರನೂ ಹೊರುವರು. ತೆರಿಗೆಯು ಬೇರೆ. ಆದರೆ ಈ ಹಣವು ಎಲ್ಲಿಯೋ ಹೋಗುವದಿಲ್ಲ. ಬೇನೆಬಿದ್ದರೆ ಆರು ವಾರಗಳವರೆಗೆ ಪೂರ್ಣ ಸಂಬಳವು ನಡೆಯುವದು, ಆಸ್ಪತ್ರೆಯ ಬಾಗಿಲಲ್ಲಿ ಹಣದ ಚೀಲ ಬಿಚ್ಚುವ ಪ್ರಸಂಗ ಬಾರದು. ವರ್ಷಕ್ಕೆ ಕಡಮೆಯೆಂದರೆ ನಾಲ್ಕು ವಾರ ಸಂಬಳದ ರಜೆಯಿದೆ. ಕನಿಷ್ಠ ಕೂಲಿಯನ್ನು 2015ರಲ್ಲಿ ತಾಸಿಗೆ 8.50 ಯೂರೋ ಎಂದು ಮೊದಲು ಗೊತ್ತುಮಾಡಿದರು. 2025ರಲ್ಲಿ ಅದು 12.82 ಆಯಿತು. ವಿದ್ಯಾರ್ಥಿಯಾಗಿ ಹೋದವನು ವರ್ಷಕ್ಕೆ 140 ಪೂರ್ಣ ದಿನ ಇಲ್ಲವೆ 280 ಅರ್ಧ ದಿನ ಮಾತ್ರ ದುಡಿಯಬಹುದೆಂದು 2024ರ ಕಾಯದೆ ಹೇಳುವದು. ದುಡಿದೇ ಓದುವೆನೆಂದು ಸಾಲ ಮಾಡಿ ಹೋಗುವವರು ಈ ಎಣಿಕೆಯನ್ನು ಮೊದಲೇ ನೋಡಿಕೊಳ್ಳಬೇಕು.

ಈಗ ನಮ್ಮ ಮುಖ್ಯ ವಿಷಯವಾದ ಭಾಷೆಯ ಮಾತಿಗೆ ಬರುವೆವು. ಯುರೋಪಿನವರು ಭಾಷಾಜ್ಞಾನವನ್ನು ಆರು ಮೆಟ್ಟಲುಗಳಾಗಿ ಅಳೆಯುವರು: ಎ-1, ಎ-2, ಬಿ-1, ಬಿ-2, ಸಿ-1, ಸಿ-2. ಶುಶ್ರೂಷೆಯ ಕೆಲಸಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಬಿ-2 ಬೇಕು. ವೈದ್ಯರಿಗೆ ಅದರ ಮೇಲೆ ವೈದ್ಯಕೀಯ ಭಾಷೆಯ ಬೇರೆ ಪರೀಕ್ಷೆ. ಕನ್ನಡಿಗನಿಗೆ ಜರ್ಮನ ಭಾಷೆಯು ಇಂಗ್ಲಿಷಿಗಿಂತ ದೂರದ್ದೆಂದು ಜನರು ಅಂಜುವರು. ಎಲ್ಲ ಅಂಶಗಳಲ್ಲಿಯೂ ಹಾಗಿಲ್ಲ. ‘ಅವನು ಇಂದು ಬರುತ್ತಾನೆಂದು ಬಲ್ಲೆನು’ ಎಂಬಲ್ಲಿ ‘ಬರುತ್ತಾನೆ’ ಎಂಬ ಕ್ರಿಯಾಪದವು ತನ್ನ ವಾಕ್ಯದ ಕೊನೆಗೆ ನಿಲ್ಲುವಂತೆ, ಜರ್ಮನದ ಅಧೀನವಾಕ್ಯದಲ್ಲಿಯೂ ಕ್ರಿಯಾಪದವು ಕೊನೆಗೇ ನಿಲ್ಲುವದು. ಇಂಗ್ಲಿಷರಿಗೆ ಕಷ್ಟವಾದ ಈ ಕ್ರಮ ನಮಗೆ ತವರುಮನೆಯದು. ನೀನು-ನೀವು ಎಂಬ ಭೇದವು ‘ದು’, ‘ಜೀ’ ಎಂದು ಅವರಲ್ಲಿಯೂ ಇದೆ. ಹಿರಿಯರನ್ನೂ ಅಪರಿಚಿತರನ್ನೂ ಏಕವಚನದಲ್ಲಿ ಕರೆದರೆ ನಮ್ಮಲ್ಲಿಯಂತೆಯೇ ಅಲ್ಲಿಯೂ ಮುಖ ಗಂಟಾಗುವದು. ಬೇನೆ, ವಿಮೆ, ಚೀಟಿ ಈ ಮೂರನ್ನೂ ಬೆಸೆದು ‘ಕ್ರಾಂಕೆನ್‌ಫೆರ್ಜಿಶರುಂಗ್ಸ್‌ಕಾರ್ಟೆ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಅವರ ಸಮಾಸಗಳು, ಬಾಣಭಟ್ಟನನ್ನು ಓದಿದವರನ್ನು ಬೆದರಿಸಲಾರವು. ಇನ್ನು ಕ್ರಿಯಾಪದದ ಉಪಸರ್ಗವು ಧಾತುವನ್ನು ಬಿಟ್ಟು ವಾಕ್ಯದ ಕಟ್ಟಕಡೆಗೆ ಜಿಗಿಯುವದು ವಿಚಿತ್ರವೆನಿಸಬಹುದು. ವೇದದ ಭಾಷೆಯಲ್ಲಿಯೂ ಉಪಸರ್ಗಗಳು ಹೀಗೆ ಧಾತುವಿನಿಂದ ಅಗಲಿ ನಿಲ್ಲುತ್ತಿದ್ದವೆಂಬುದನ್ನು ಸಂಸ್ಕೃತ ಬಲ್ಲ ಶಿಕ್ಷಕರು ನೆನೆಯಬೇಕು.

ನಿಜವಾದ ಕಷ್ಟವಿರುವದು ಲಿಂಗದಲ್ಲಿ. ನಮ್ಮ ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುವದು; ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದು ನಪುಂಸಕ. ಜರ್ಮನದಲ್ಲಿ ಚಮಚೆಯು ಪುಲ್ಲಿಂಗ, ಮುಳ್ಳುಚಮಚೆಯು ಸ್ತ್ರೀಲಿಂಗ, ಚಾಕುವು ನಪುಂಸಕ! ಸೂರ್ಯನು ಹೆಣ್ಣು, ಚಂದ್ರನು ಗಂಡು, ಹುಡುಗಿಯು ನಪುಂಸಕ. ಇದಕ್ಕೆ ಕಾರಣ ಕೇಳುತ್ತ ಕೂಡದೆ, ಪ್ರತಿಯೊಂದು ನಾಮಪದವನ್ನೂ ಅದರ ಹಿಂದಿನ ‘ದೇರ್, ದೀ, ದಾಸ್’ ಸಹಿತವಾಗಿಯೇ ಬಾಯಿಪಾಠ ಮಾಡತಕ್ಕದ್ದು. ಇನ್ನೊಂದು ಅಂಕಿಗಳದು. ಮೂವತ್ತೈದಕ್ಕೆ ಅವರು ‘ಐದು-ಮತ್ತು-ಮೂವತ್ತು’ ಎನ್ನುವರು. ಸಂಸ್ಕೃತದ ಪಂಚತ್ರಿಂಶತ್ ಎಂಬಂತೆ ಬಿಡಿ ಮೊದಲು, ಹತ್ತು ಆಮೇಲೆ. ಪುಸ್ತಕದಲ್ಲಿ ಇದು ಸುಲಭ. ರಾತ್ರಿಯ ಪಾಳಿಯಲ್ಲಿ ಫೋನಿನ ಮೇಲೆ ವೈದ್ಯನು ಔಷಧದ ಅಳತೆ ಹೇಳುವಾಗ, 35ನ್ನು 53 ಎಂದು ಕೇಳಿಸಿಕೊಂಡರೆ ಆಗುವದೇನೆಂಬುದನ್ನು ತಾವೇ ಊಹಿಸಿರಿ. ಬರೆದುಕೊಂಡ ಅಂಕಿಯನ್ನು ಒಂದೊಂದಾಗಿ ತಿರುಗಿ ಓದಿಹೇಳುವ ಅಭ್ಯಾಸವನ್ನು ಇಟ್ಟುಕೊಂಡ ಶುಶ್ರೂಷಕಿಯರೇ ಜಾಣರು.

ಪರೀಕ್ಷೆಯ ಭಾಷೆಗೂ ಬೀದಿಯ ಭಾಷೆಗೂ ಇರುವ ಅಂತರವು ಮತ್ತೊಂದು. ಗ್ರಂಥಸ್ಥ ಕನ್ನಡವನ್ನು ಮೈಸೂರಿನಲ್ಲಿ ಕಲಿತ ಪರದೇಶಿಯೊಬ್ಬನನ್ನು ನಮ್ಮ ಗದಗಿನ ಸಂತೆಯಲ್ಲಿ ಬಿಟ್ಟರೆ ಏನಾಗಬಹುದೋ, ಶ್ವಾಬಿಯ ಹಳ್ಳಿಯ ಮುದುಕರ ನಡುವೆ ನಮ್ಮವರಿಗೆ ಅದೇ ಆಗುವದು. ‘ಫೂಸ್’ ಎಂದರೆ ಪಾದವೆಂದು ಪುಸ್ತಕ ಹೇಳುವದು. ಶ್ವಾಬಿಯ ಮುದುಕನು ‘ನನ್ನ ಫೂಸ್ ನೋಯುತ್ತದೆ’ ಎಂದರೆ, ತೊಡೆಯ ಸಂದಿನಿಂದ ಹೆಬ್ಬೆರಳಿನವರೆಗೆ ಎಲ್ಲಿಯಾದರೂ ನೋವಿರಬಹುದು! ಪುಸ್ತಕವನ್ನೇ ನಂಬಿದವಳು ಪಾದವನ್ನಷ್ಟೇ ನೋಡಿ ಹೋಗುವಳು. ನಮ್ಮ ‘ಕಾಲು’ ಎಂಬ ಶಬ್ದವೂ ಹೀಗೆಯೇ ಇಡೀ ಅವಯವಕ್ಕೂ ಪಾದಕ್ಕೂ ಸಲ್ಲುವದಾದುದರಿಂದ, ಈ ವಿಷಯದಲ್ಲಿ ಕನ್ನಡದ ಹುಡುಗಿಯು ಉತ್ತರ ಜರ್ಮನಿಯ ಹುಡುಗಿಗಿಂತ ಬೇಗನೆ ಮುದುಕನ ಇಂಗಿತವನ್ನು ಅರಿಯಬಲ್ಲಳು.

ಕಲಿಯುವ ಅನುಕೂಲತೆಗಳು ಅಲ್ಲಿ ಬಹಳ. ಊರೂರಲ್ಲಿ ‘ಫೋಲ್ಕ್ಸ್‌ಹೋಖ್‌ಶೂಲೆ’ ಎಂಬ ಜನತಾ ವಿದ್ಯಾಲಯಗಳಿವೆ. ದೊಡ್ಡವರು ಕೆಲಸ ತೀರಿಸಿಕೊಂಡು ಸಂಜೆ ಅಲ್ಲಿಗೆ ಹೋಗಿ ಭಾಷೆ, ಹೊಲಿಗೆ, ಲೆಕ್ಕ, ಚಿತ್ರ ಮುಂತಾದುದನ್ನು ಕಲಿಯುವರು. ಮೊದಲ ಮಹಾಯುದ್ಧದಲ್ಲಿ ಸೋತು ಹಸಿದಿದ್ದ ಕಾಲದಲ್ಲಿ, 1919ರ ತಮ್ಮ ರಾಜ್ಯಘಟನೆಯಲ್ಲಿ ಈ ವಿದ್ಯಾಲಯಗಳಿಗೆ ಪ್ರೋತ್ಸಾಹ ಕೊಡತಕ್ಕದ್ದೆಂದು ಆ ಜನರು ಬರೆದರೆಂಬುದನ್ನು ನಮ್ಮ ಪೌರಸಭೆಗಳವರು ಗಮನಿಸಲಿ. 2005ರಿಂದ ವಲಸೆ ಬಂದವರಿಗಾಗಿ ಬೇರೆ ಪಾಠಕ್ರಮವಿದೆ: ಮುಕ್ಕಾಲು ತಾಸಿನ 600 ಪಾಠಗಳಲ್ಲಿ ಭಾಷೆ, 100 ಪಾಠಗಳಲ್ಲಿ ದೇಶದ ಕಾಯದೆ, ಇತಿಹಾಸ, ರೀತಿನೀತಿ. ಎರಡನೆಯದರ ಪರೀಕ್ಷೆಯಲ್ಲಿ 33 ಪ್ರಶ್ನೆಗಳಿಗೆ 15 ಸರಿಯುತ್ತರ ಕೊಟ್ಟರೆ ಸಾಕು.

ಇಷ್ಟಿದ್ದರೂ ಕಲಿಯದೆ ಉಳಿಯುವವರು ನಮ್ಮವರಲ್ಲಿ ಅನೇಕರು. ಬಹುಮಟ್ಟಿಗೆ ಹೆಚ್ಚು ಓದಿದವರೇ. ಬರ್ಲಿನ್, ಮ್ಯೂನಿಕ್ ಪಟ್ಟಣಗಳ ಗಣಕಯಂತ್ರದ ಕಚೇರಿಗಳಲ್ಲಿ ಇಂಗ್ಲಿಷಿನಿಂದಲೇ ಕೆಲಸ ಸಾಗುವದು. ಅಂಗಡಿಯಲ್ಲಿ ಜರ್ಮನದ ಎರಡು ಮಾತು ತೊದಲಿದೊಡನೆ ಅಂಗಡಿಯವನು ಮರುಕದಿಂದ ಇಂಗ್ಲಿಷಿಗೆ ಹೊರಳುವನು. (ಬೆಂಗಳೂರಿನಲ್ಲಿ ಹೊರನಾಡಿನವನು ಕನ್ನಡದ ಎರಡು ಮಾತಾಡಲು ಯತ್ನಿಸಿದರೆ ನಾವು ಕೂಡಲೆ ಹಿಂದಿಗೋ ಇಂಗ್ಲಿಷಿಗೋ ಹೊರಳಿ ಅವನ ಬಾಯಿ ಕಟ್ಟುವದಿಲ್ಲವೇ? ಅದೇ ಉಪಕಾರ ಇದು.) ಹೀಗೆ ಐದು ವರ್ಷ ಕಳೆದ ಮೇಲೆ ಮನೆಗೆ ಸರಕಾರಿ ಕಾಗದವೊಂದು ಬರುವದು. ಆಕ್ಷೇಪಣೆಗೆ ಒಂದು ತಿಂಗಳ ಮುದ್ದತು ಎಂಬುದು ಅದರ ಕೊನೆಯ ಸಾಲಿನಲ್ಲಿರುವದು. ಓದಲು ಬಾರದವನು ಅದನ್ನು ಮೇಜಿನ ಖಾನೆಯಲ್ಲಿ ಇಡುವನು. ಯಂತ್ರದಿಂದ ಭಾಷಾಂತರ ಮಾಡಿಸಬಹುದೆಂದು ತರುಣರು ಹೇಳುವರು. ಕಾಗದದ ಮಟ್ಟಿಗೆ ಅದು ಸರಿ. ಆದರೆ ಮಗುವಿನ ಶಾಲೆಯಲ್ಲಿ ತಾಯಿತಂದೆಗಳ ಸಭೆ ಕೂಡಿದಾಗ, ನೆರೆಯವಳು ಮೆಟ್ಟಲ ಮೇಲೆ ನಿಂತು ತನ್ನ ಗಂಡನ ಬೇನೆಯನ್ನು ಹೇಳತೊಡಗಿದಾಗ, ಯಂತ್ರವನ್ನು ನಡುವೆ ಹಿಡಿದು ಎಷ್ಟು ಹೊತ್ತು ಮಾತಾಡಬಹುದು?

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ನೋಯಿಸಿದ್ದು ಈ ನೌಕರರ ಪತ್ನಿಯರ ಸ್ಥಿತಿ. ಗಂಡನಿದ್ದಲ್ಲಿಗೆ ಹೋಗುವ ಹೆಂಡತಿಯು ಎ-1ರಷ್ಟಾದರೂ ಜರ್ಮನ ಕಲಿತಿರಬೇಕೆಂದು 2007ರಿಂದ ಸಾಮಾನ್ಯ ನಿಯಮವಿದೆ. ಆದರೆ ‘ನೀಲಿ ಕಾರ್ಡು’ ಎಂಬ ಪರವಾನಿಗೆಯುಳ್ಳ ದೊಡ್ಡ ಸಂಬಳದವರ ಪತ್ನಿಯರಿಗೆ ಈ ನಿಯಮದಿಂದ ವಿನಾಯಿತಿಯುಂಟು. ಇದನ್ನು ನಮ್ಮವರು ಸವಲತ್ತೆಂದು ಎಣಿಸುವರು; ನಮ್ಮ ಕಣ್ಣಿಗೆ ಅದು ಅನ್ಯಾಯವಾಗಿ ಕಂಡಿದೆ. ಇಲ್ಲಿ ಬಿ.ಎ., ಬಿ.ಎಡ್. ಮಾಡಿ ಶಾಲೆಯಲ್ಲಿ ಕಲಿಸುತ್ತಿದ್ದ, ಇಲ್ಲವೆ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದ ಹೆಣ್ಣುಮಗಳು, ಒಂದು ಅಕ್ಷರವೂ ಬಾರದ ದೇಶಕ್ಕೆ ಹೋಗಿ ನಾಲ್ಕು ಗೋಡೆಗಳ ನಡುವೆ ಕೂಡುವಳು. ಕೆಲಸ ಮಾಡಲು ಕಾಯದೆಯ ಅಡ್ಡಿ ಅವಳಿಗೆ ಏನೂ ಇಲ್ಲ. ಇರುವ ಅಡ್ಡಿಯು ಭಾಷೆಯೊಂದೇ. ವೈದ್ಯನ ಬಳಿ ತನ್ನ ದೇಹದ ಮಾತನ್ನು ಹೇಳಲಿಕ್ಕೂ ಅವಳು ಗಂಡನ ರಜೆಯನ್ನು ಕಾಯಬೇಕು. ಎರಡು ವರ್ಷಗಳಲ್ಲಿ ಮಗುವು ಬಾಲವಾಡಿಯಿಂದ ಜರ್ಮನ ಕಲಿತು ಬಂದು ತಾಯಿಗೆ ದುಭಾಷಿಯಾಗುವದು. ಆ ಮಗುವು ತಾಯಿಯ ಮುಂದೆ ಕನ್ನಡವಾಡಲು ನಾಚತೊಡಗಿದರೆ ಆಶ್ಚರ್ಯವೇನು? ತಾಯಿಯು ಆ ದೇಶದ ಭಾಷೆಯಲ್ಲಿ ತಲೆಯೆತ್ತಿ ಮಾತಾಡಬಲ್ಲ ಮನೆಗಳಲ್ಲಿ ಮಕ್ಕಳು ಕನ್ನಡವನ್ನೂ ಉಳಿಸಿಕೊಂಡುದನ್ನು ನಾವು ಕಂಡಿದ್ದೇವೆ; ಮಕ್ಕಳು ತಾಯಿಯನ್ನು ಗೌರವಿಸಿದಲ್ಲಿ ಅವಳ ಭಾಷೆಯನ್ನೂ ಗೌರವಿಸುವರು. ಕೆಲವು ಊರುಗಳಲ್ಲಿ ಕನ್ನಡ ಸಂಘಗಳಿದ್ದು, ರಾಜ್ಯೋತ್ಸವವನ್ನು ಆಚರಿಸುವವು. ಅದು ಒಳ್ಳೆಯದೇ, ಆದರೆ ವರ್ಷಕ್ಕೊಂದು ದಿನದ ಉತ್ಸವವು ಮನೆಯ ಮಾತಿಗೆ ಬದಲಾಗದು.

ಭಾಷೆಯನ್ನು ಕಲಿಯಲು ಹೊತ್ತಿಲ್ಲವೆನ್ನುವವರಿಗೆ ಎರಡು ಹಳೆಯ ಹೆಸರುಗಳನ್ನು ಜ್ಞಾಪಿಸುವೆವು. ಶ್ವಾಬಿಯ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ರಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗರು 1836ರಲ್ಲಿ ನಮ್ಮ ನಾಡಿಗೆ ಬಂದರು. 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಪರದೇಶಿಯೊಬ್ಬನು ಏಳು ವರ್ಷಗಳಲ್ಲಿ ಕನ್ನಡದ ಮೊದಲ ಸಮಾಚಾರಪತ್ರದ ಸಂಪಾದಕನಾದನು! ಫರ್ಡಿನಾಂಡ್ ಕಿಟ್ಟೆಲ್ಲರು 1853ರಲ್ಲಿ ಬಂದು, ನಮ್ಮ ಧಾರವಾಡ-ಹುಬ್ಬಳ್ಳಿಗಳಲ್ಲಿಯೂ ಮಂಗಳೂರು, ಮಡಿಕೇರಿಗಳಲ್ಲಿಯೂ ಇದ್ದು, ಸುಮಾರು 70 ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ಕೋಶವನ್ನು 1894ರಲ್ಲಿ ಪ್ರಕಟಿಸಿದರು. ಅವರು ಬಂದುದು ತಮ್ಮ ಮತಪ್ರಸಾರಕ್ಕಾಗಿ. ಅದನ್ನು ನಾವು ಮರೆತಿಲ್ಲ. ಆದರೆ ಅವರಿಗೆ ಜನತಾ ವಿದ್ಯಾಲಯವಿರಲಿಲ್ಲ, 600 ಪಾಠಗಳಿರಲಿಲ್ಲ, ಕಿಸೆಯಲ್ಲಿ ಭಾಷಾಂತರಯಂತ್ರವಿರಲಿಲ್ಲ. ಇದ್ದುದು ಜನರ ಬಾಯಿ ಮತ್ತು ಅವರ ಕಿವಿ. ನಮ್ಮವರಲ್ಲಿಯೂ ಉದಾಹರಣೆಯಿದೆ. 1929ರಲ್ಲಿ ಬರ್ಲಿನಿಗೆ ಹೋದ ರಾಮಮನೋಹರ ಲೋಹಿಯಾರವರು, ತಮ್ಮ ಗುರುವಿಗೆ ಇಂಗ್ಲಿಷು ಬಾರದೆಂದು ತಿಳಿದಾಗ ಕೆಲವು ತಿಂಗಳು ಕಣ್ಮರೆಯಾಗಿ ಜರ್ಮನ ಕಲಿತು ತಿರುಗಿ ಹಾಜರಾದರೆಂಬ ಮಾತು ಪ್ರಸಿದ್ಧವಾಗಿದೆ.

ಹೋಗುವವರು ಮಾಡತಕ್ಕ ಸಿದ್ಧತೆಯನ್ನು ಸಂಕ್ಷೇಪವಾಗಿ ಹೇಳುವೆವು. ವೀಸಾದ ಅರ್ಜಿಗಿಂತ ಮೊದಲು ಭಾಷೆಯ ಪಾಠ ಪ್ರಾರಂಭವಾಗಲಿ. ಬೆಂಗಳೂರಿನ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಪಾಠವೂ ಪರೀಕ್ಷೆಯೂ ಉಂಟು. ಅಲ್ಲಿಗೆ ಹೋಗಲಾರದವರು ಮನೆಯಲ್ಲಿಯೇ ದಿನಕ್ಕೆ ಒಂದು ತಾಸು ಗಟ್ಟಿಯಾಗಿ ಓದಲಿ. ಗಂಡನು ಹೋಗುವದಾದರೆ ಹೆಂಡತಿಯೂ ಅದೇ ದಿನದಿಂದ ಕಲಿಯತೊಡಗಲಿ, ಕಾಯದೆಯು ಕೇಳಲಿ ಬಿಡಲಿ. ನೀಲಿ ಕಾರ್ಡಿನವರಿಗೆ ಕಾಯಂ ವಾಸದ ಪರವಾನಿಗೆಯು ಎ-1 ಇದ್ದರೆ 27 ತಿಂಗಳಿಗೆ, ಬಿ-1 ಇದ್ದರೆ 21 ತಿಂಗಳಿಗೆ ಸಿಗುವದೆಂಬುದನ್ನು, ಲಾಭದ ಲೆಕ್ಕವೇ ಬೇಕೆನ್ನುವವರು ತಿಳಿದಿರಲಿ. ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಪ್ರಮಾಣಪತ್ರ ಕೊಡಿಸುವೆನೆಂಬ ದಲಾಲನನ್ನು ಬಾಗಿಲಿನಿಂದಲೇ ಕಳಿಸಿರಿ. ಕರಾರುಪತ್ರದಲ್ಲಿ, ಕೆಲಸ ಬಿಟ್ಟರೆ ಇಷ್ಟು ಹಣ ಮರಳಿಸತಕ್ಕದ್ದೆಂಬ ಕಲಮು ಇದೆಯೇ, ವಾರಕ್ಕೆ ತಾಸುಗಳೆಷ್ಟು, ತೋರಿಸಿದ ಸಂಬಳವು ಕಡಿತದ ಹಿಂದಿನದೋ ಮುಂದಿನದೋ ಎಂಬುದನ್ನು ನೋಡದೆ ಸಹಿ ಹಾಕಬೇಡಿರಿ.

ಹೋಗುವ ಸಿದ್ಧತೆಯಲ್ಲಿರುವ ನಾಲ್ಕಾರು ತರುಣ-ತರುಣಿಯರು ಈ ಸಭೆಯಲ್ಲಿಯೇ ಇರುವರೆಂದು ಅಧ್ಯಕ್ಷರು ಹೇಳಿದ್ದಾರೆ. ಅವರು ತಮ್ಮ ಕರಾರುಪತ್ರಗಳನ್ನು ತಂದಿದ್ದರೆ, ಸಭೆಯು ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕುಳಿತು ಸಾಲುಸಾಲಾಗಿ ಓದೋಣ. ದೀಪ ಆರಿಸುವವರೆಗೆ ನಾವು ಇಲ್ಲಿಯೇ ಇರುವೆವು.